ಕಣ್ಣಿಗೆ ಬಿದ್ದ ಕಿರುಗಂಟೆ

ಕಣ್ಣಿಗೂ ಕಿವಿಗೂ ಇರುವುದು ನಾಲ್ಕೇ ಬೆರಳಿನ ಅಂತರ ಎಂದು ಹಿರಿಯರು ಹೇಳುವುದುಂಟು. ಕಿವಿಯಲ್ಲಿ ಕೇಳಿದ್ದನ್ನೆಲ್ಲ ನಂಬಬೇಡ, ಕಣ್ಣಾರೆ ಕಂಡು ತಿಳಿ ಎಂಬುದು ಅದರ ಇಂಗಿತ. ಚಾಡಿಮಾತಿನ ವಿಷಯದಲ್ಲಿ ಈ ಬುದ್ಧಿವಾದ ಸರಿಯೆ. ಆದರೆ ಸಂಗೀತವನ್ನು ಯಾರಾದರೂ ಕಣ್ಣಾರೆ ಕಂಡು ತಿಳಿಯುತ್ತಾರೆಯೇ ಎಂದು ನೀವು ನಗಬಹುದು. ಮೂರು ವರ್ಷದ ಹಿಂದೆ ಯಾರಾದರೂ ಹಾಗೆಂದಿದ್ದರೆ ನಾನೂ ನಗುತ್ತಿದ್ದೆ. ಈಗ ನಗುವುದಿಲ್ಲ. ಐವತ್ತು ದಾಟಿದ ಮೇಲೆ ನನ್ನ ಕಿವಿಯನ್ನು ಕೈಹಿಡಿದು ನಡೆಸಿದ್ದು ಕಣ್ಣೇ. ಅದೂ ಹುಟ್ಟಿದಾರಭ್ಯ ನಾನು ಕಿವಿಗೊಟ್ಟು ಕೇಳದಿದ್ದ ಪಿಯಾನೊ ಸಂಗೀತದ ನೆಪದಲ್ಲಿ.

ಪಿಯಾನೊ ಎಂದರೆ ನಮ್ಮ ಓರಗೆಯವರಿಗೆ ನೆನಪಾಗುವುದು ಹಳೆಯ ಹಿಂದಿ ಸಿನಿಮಾ. ನಾಯಕಿಯ ಹುಟ್ಟುಹಬ್ಬದ ಪಾರ್ಟಿ, ಮಧ್ಯದಲ್ಲಿ ಆನೆಯಂಥ ಕರಿಯ ವಾದ್ಯ, ಅದರ ಮುಂದೆ ಕೋಟು ತೊಟ್ಟು ಕೂತ ನಾಯಕ. ಆತನ ಬೆರಳು ಒಂದು ಕಡೆ ಓಡಿದರೆ ಸ್ವರ ಇನ್ನೊಂದು ಕಡೆ ಓಡುತ್ತಿತ್ತು. ನಮಗೆ ಅದರ ಗೊಡವೆ ಇರಲಿಲ್ಲ, ಹಾಡು ಚೆನ್ನಾಗಿದ್ದರೆ ಸಾಕಿತ್ತು. ಹಾಗೆಂದು ಈ ವಾದ್ಯ ನಮ್ಮ ನಾಡಿಗೆ ಪೂರಾ ಅಪರಿಚಿತವೇನಲ್ಲ. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಅಭ್ಯಾಸ ಮಾಡಿದ್ದವರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಣವಾಗಲೆಂದು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಅರಮನೆಯ ಆ ನಾದ ನಮ್ಮಂಥವರ ಮನೆಯ ಪಡಸಾಲೆಗೆ ಬರಲಿಲ್ಲ, ಅಷ್ಟೆ.

ನನ್ನ ಕಿವಿಯ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನನ್ನಿಂದ ಮೊಟ್ಟಮೊದಲು ಜಾರಿಹೋದದ್ದು ಒಗ್ಗರಣೆಯ ಸಾಸಿವೆ. ಸಾಸಿವೆ ಚಟಪಟಗುಟ್ಟಿದ ಕೂಡಲೇ ಕೈ ತಾನಾಗಿ ಕರಿಬೇವಿನತ್ತ ಹೋಗುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿರುತ್ತದೆಯಲ್ಲ, ನನಗೆ ಆ ಚಟಪಟ ಕಡಿಮೆಯಾಗುತ್ತಾ ಬಂತು. ಬಗ್ಗಿ ಬಾಣಲೆಯೊಳಗೆ ಇಣುಕಿ, ಸಾಸಿವೆ ಹಾರುವುದನ್ನು ನೋಡಿ, ಕರಿಬೇವು ಹಾಕತೊಡಗಿದೆ. ಕನ್ನಡಕಕ್ಕೆ ಎಣ್ಣೆ ಸಿಡಿದದ್ದೇ ಲಾಭ.

ಮನೆಯಲ್ಲಾದರೆ ಹೇಗೋ ನಡೆಯುತ್ತದೆ. ತರಗತಿಯಲ್ಲಿ ನಡೆಯಬೇಕಲ್ಲ. ನಾನು ಕನ್ನಡ ಪಾಠ ಮಾಡುವವಳು. ಶಾಲೆಯನ್ನು ಸಾಲೆ ಎನ್ನುವ, ಸಂತೆಯನ್ನು ಶಂತೆ ಎನ್ನುವ ಮಕ್ಕಳ ನಾಲಗೆ ತಿದ್ದಿಯೇ ಇಪ್ಪತ್ತೆಂಟು ವರ್ಷ ಸಂಬಳ ಎಣಿಸಿದವಳು. ಅಂಥವಳಿಗೆ ಕೊನೆಯ ಬೆಂಚಿನ ಹುಡುಗಿ ಹೇಳಿದ್ದು ಸಕಾರವೋ ಶಕಾರವೋ ತಿಳಿಯದಂತಾಯಿತು. ಹುಡುಗಿಯ ತುಟಿಯನ್ನು ದಿಟ್ಟಿಸಿ ತೀರ್ಮಾನಿಸುವ ಅಭ್ಯಾಸ ಬಂತು. "ಟೀಚರ್ ಯಾಕೋ ನನ್ನನ್ನೇ ನುಂಗುವ ಹಾಗೆ ನೋಡ್ತಾರೆ" ಎಂದು ಆಕೆ ಗೆಳತಿಯ ಹತ್ತಿರ ಹೇಳಿದಳಂತೆ. ಈ ಕೆಲಸ ಇನ್ನೆಷ್ಟು ದಿನ ನನ್ನಿಂದಾದೀತು ಎಂಬ ಯೋಚನೆ ರಾತ್ರಿ ಹೊತ್ತು ನಿದ್ದೆಗೆಡಿಸತೊಡಗಿತು.

ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋಗಿ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿಕೊಂಡೆ. ಕಿವಿಗೆ ಹೆಡ್‌ಫೋನು ಹಾಕಿ, ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಅದು ಮುಗಿದ ಮೇಲೆ ಒಂದು ನಕ್ಷೆ ಕೈಗೆ ಬಂತು. ಆಡಿಯೋಗ್ರಾಂ ಎನ್ನುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆಗಳು, ಎಡಗಿವಿಗೆ ನೀಲಿ ಗುಣಿಲೆ ಗುರುತುಗಳು. ಎಡದಿಂದ ಬಲಕ್ಕೆ ಹೋದಂತೆ ಸದ್ದು ತಗ್ಗಿನಿಂದ ತಾರಕಕ್ಕೆ ಏರುತ್ತದೆ, 250 ಹರ್ಟ್ಝ್‌ನಿಂದ 8,000 ಹರ್ಟ್ಝ್‌ವರೆಗೆ. ಗುರುತು ಮೇಲಿದ್ದರೆ ಕಿವಿ ಚುರುಕು. ಕೆಳಗಿಳಿದಷ್ಟೂ ಸದ್ದು ಜೋರಾಗಿದ್ದರೇ ಕೇಳುವುದು ಎಂದರ್ಥ. ನನ್ನ ಗೆರೆ 1,000ದವರೆಗೆ ಬಯಲುಸೀಮೆಯ ರಸ್ತೆಯಂತೆ ನೆಟ್ಟಗೆ ಬಂದು, 2,000 ದಾಟಿದ್ದೇ ತಡ, ಆಗುಂಬೆ ಘಾಟಿಯ ಹಾಗೆ ಇಳಿದುಬಿಟ್ಟಿತ್ತು.

ಅಲ್ಲಿನ ಹುಡುಗಿ ತಾಳ್ಮೆಯಿಂದ ವಿವರಿಸಿದಳು. ಒಳಗಿವಿಯಲ್ಲಿ ಶಂಖದಂಥ ಒಂದು ಸುರುಳಿ ಇದೆಯಂತೆ. ಅದರೊಳಗೆ ರೋಮದಂಥ ಎಳೆಗಳುಳ್ಳ ಸೂಕ್ಷ್ಮ ಜೀವಕೋಶಗಳು. ತಾರಕ ಸದ್ದನ್ನು ಹಿಡಿಯುವ ಕೋಶಗಳು ಸುರುಳಿಯ ಬಾಗಿಲಲ್ಲಿಯೇ ಇರುತ್ತವೆ, ವಯಸ್ಸಾದಂತೆ ಮೊದಲು ಸವೆಯುವುದು ಅವೇ. ಹೋದವು ಮತ್ತೆ ಹುಟ್ಟುವುದಿಲ್ಲ. ಸಾಸಿವೆಯ ಚಟಪಟ, ಸಕಾರ ಶಕಾರಗಳ ಉಸಿರು, ಹಕ್ಕಿಯ ಚಿಲಿಪಿಲಿ, ಎಲ್ಲವೂ ಆ ಇಳಿಜಾರಿನಲ್ಲೇ ಇರುವುದು. ಶ್ರವಣ ಸಾಧನ ಹಾಕಿಕೊಂಡರೆ ಅನುಕೂಲ, ಯೋಚಿಸಿ ಬನ್ನಿ ಎಂದಳು. ನಾನು ಯೋಚಿಸುತ್ತಾ ಹೊರಬಂದೆ. ಯೋಚನೆಗೆ ಖರ್ಚಿನ ಕಾರಣವೂ ಇತ್ತು, ಸಂಕೋಚದ ಕಾರಣವೂ ಇತ್ತು. ಕಣ್ಣಿಗೆ ಕನ್ನಡಕ ಬಂದರೆ ಓದಿದವಳು ಎನ್ನುತ್ತಾರೆ, ಕಿವಿಗೆ ಯಂತ್ರ ಬಂದರೆ ಮುದುಕಿ ಎನ್ನುತ್ತಾರೆ. ಲೋಕದ ನ್ಯಾಯವೇ ಹಾಗೆ.

ಮೈಸೂರಿನಲ್ಲಿ ನಾನು ಇಳಿದುಕೊಂಡದ್ದು ತಂಗಿಯ ಮನೆಯಲ್ಲಿ. ಅವಳ ಮಗಳು ಪಿಯಾನೊ ಕಲಿಯುತ್ತಿದ್ದಳು. ಮನೆಯಲ್ಲಿದ್ದದ್ದು ಆನೆಯಂಥ ಪಿಯಾನೊ ಅಲ್ಲ, ಇಸ್ತ್ರಿ ಮೇಜಿನಷ್ಟು ಉದ್ದದ ವಿದ್ಯುತ್ ಪಿಯಾನೊ. ಆದರೂ 88 ಮನೆಗಳು ಪೂರಾ ಇದ್ದವು, ಬಿಳಿಯವು 52, ಕರಿಯವು 36. ಆ ಸಂಜೆ ಅವಳು ನುಡಿಸಿದ್ದು ನನಗೆ ಹೇಗೆ ಕೇಳಿಸಿತು ಎಂದರೆ, ಮಳೆ ಹೆಂಚಿನ ಮೇಲೆ ಬಿದ್ದ ಹಾಗೆ. ಚೆನ್ನಾಗಿತ್ತು, ಆದರೆ ಎಲ್ಲಿ ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ. ನನ್ನ ಮುಖ ನೋಡಿ ಹುಡುಗಿಗೆ ಅರ್ಥವಾಯಿತೋ ಏನೋ, "ದೊಡ್ಡಮ್ಮ, ಇದನ್ನ ನೋಡು" ಎಂದು ಕಂಪ್ಯೂಟರಿನ ಮುಂದೆ ಕೂರಿಸಿದಳು. ಕೇಳು ಎನ್ನಲಿಲ್ಲ, ನೋಡು ಎಂದಳು.

ಕಪ್ಪು ಪರದೆಯ ಮೇಲೆ ಬಣ್ಣದ ಸಣ್ಣ ಸಣ್ಣ ಪಟ್ಟಿಗಳು ಬಲದಿಂದ ಎಡಕ್ಕೆ ಮೆಲ್ಲಗೆ ಸರಿದು ಬರುತ್ತಿದ್ದವು. ಒಂದೊಂದು ಪಟ್ಟಿಯೂ ಒಂದೊಂದು ಸ್ವರ. ಮೇಲಿದ್ದರೆ ತಾರಕ, ಕೆಳಗಿದ್ದರೆ ಮಂದ್ರ. ಪಟ್ಟಿ ಉದ್ದವಿದ್ದರೆ ಸ್ವರ ದೀರ್ಘ, ಚಿಕ್ಕದಾದರೆ ಹ್ರಸ್ವ. ಪರದೆಯ ನಡುವಿಗೆ ಬಂದಾಗ ಪಟ್ಟಿ ಫಕ್ಕನೆ ಬೆಳಗುತ್ತದೆ, ಅದೇ ಕ್ಷಣಕ್ಕೆ ಸ್ವರ ಕೇಳುತ್ತದೆ. ನನಗೆ ತಟ್ಟನೆ ನೆನಪಾದದ್ದು ಕರಿಹಲಗೆಯ ಮೇಲೆ ನಾನು ಹಾಕುವ ಪ್ರಸ್ತಾರ. ಲಘುವಿಗೆ ಬಟ್ಟಲಿನಂಥ ಗುರುತು, ಒಂದು ಮಾತ್ರೆ. ಗುರುವಿಗೆ ಅಡ್ಡಗೆರೆ, ಎರಡು ಮಾತ್ರೆ. ಷಟ್ಪದಿಯ ನಡೆ ಕಿವಿಗೆ ಹತ್ತದ ಹುಡುಗರೂ ಪ್ರಸ್ತಾರ ಹಾಕಿ ಗಣ ವಿಂಗಡಿಸಿದ ಮೇಲೆ ಪದ್ಯವನ್ನು ಲಯಬದ್ಧವಾಗಿ ಓದುತ್ತಾರೆ. ಸದ್ದನ್ನು ಗೆರೆಯಾಗಿಸಿ ತೋರಿಸುವ ಕೆಲಸವನ್ನು ನಾನೂ ಇಷ್ಟು ವರ್ಷ ಮಾಡಿಕೊಂಡೇ ಬಂದಿದ್ದೆ ಎಂದಾಯಿತು.

ಈ ಚಲಿಸುವ ಪ್ರಸ್ತಾರವನ್ನು ರೂಪಿಸಿದವರು ಅಮೆರಿಕದ ಸ್ಟೀಫನ್ ಮಾಲಿನೋಸ್ಕಿ. ಅವರು ಸಂಗೀತಗಾರರೂ ಹೌದು, ಕಂಪ್ಯೂಟರ್ ಬಲ್ಲವರೂ ಹೌದು. ಪಾಶ್ಚಾತ್ಯ ಸಂಗೀತದ ಸ್ವರಲಿಪಿ, ಅಂದರೆ ಐದು ಗೆರೆಗಳ ಮೇಲೆ ಇರುವೆ ಸಾಲಿನಂತೆ ಬರೆಯುವ ಆ ಬರಹ, ಕಲಿಯದವರಿಗೆ ಬ್ರಹ್ಮಲಿಪಿಯೇ. ಕಲಿಯದವರೂ ಸಂಗೀತದ ಒಡಲನ್ನು ಕಾಣುವಂತಾಗಲಿ ಎಂದು ಮಾಲಿನೋಸ್ಕಿ ಮೊದಲು ಉದ್ದನೆಯ ಕಾಗದದ ಸುರುಳಿಯ ಮೇಲೆ ಬಣ್ಣದ ಪಟ್ಟಿಗಳನ್ನು ಬರೆದರು. 1985ರಲ್ಲಿ ಅದನ್ನು ಕಂಪ್ಯೂಟರಿಗೆ ತಂದರು. ಮ್ಯೂಸಿಕ್ ಆ್ಯನಿಮೇಷನ್ ಮೆಷೀನ್ ಎಂದು ಹೆಸರು. ಯೂಟ್ಯೂಬ್ ಬಂದ ಮೇಲೆ ಅವರ ಚಿತ್ರಗಳು ಲೋಕವೆಲ್ಲ ಸುತ್ತಿದವು. ಕೆಲವು ಚಿತ್ರಗಳಲ್ಲಿ ಹನ್ನೆರಡು ಸ್ವರಸ್ಥಾನಗಳಿಗೆ ಹನ್ನೆರಡು ಬಣ್ಣ ಹಂಚಿದ್ದಾರೆ. ಹಂಚಿಕೆಯಲ್ಲಿ ಒಂದು ಜಾಣತನವಿದೆ. ನಮ್ಮ ಷಡ್ಜ ಪಂಚಮಗಳಂತೆ ಒಂದಕ್ಕೊಂದು ಒಪ್ಪುವ ಸ್ವರಗಳಿಗೆ ಅಕ್ಕಪಕ್ಕದ ಬಣ್ಣ. ಹೀಗಾಗಿ ಕೃತಿಯ ಶ್ರುತಿ ಬದಲಾದಾಗ ಪರದೆಯ ಬಣ್ಣವೇ ನಿಧಾನವಾಗಿ ಬೇರೆಯಾಗುತ್ತದೆ, ಸಂಜೆಯ ಆಕಾಶದಂತೆ.

ಪಿಯಾನೊದ ಮಟ್ಟಿಗೆ ಇದರ ಬೇರು ಇನ್ನೂ ಹಿಂದೆ ಹೋಗುತ್ತದೆ. ನೂರು ವರ್ಷಕ್ಕೂ ಹಿಂದೆ ತಾನೇ ನುಡಿಯುವ ಪಿಯಾನೊಗಳಿದ್ದವು. ಕಾಗದದ ಸುರುಳಿಯಲ್ಲಿ ಸ್ವರಕ್ಕೊಂದು ತೂತು, ಸ್ವರ ದೀರ್ಘವಾದರೆ ತೂತೂ ಉದ್ದ. ಸುರುಳಿ ಸರಿದಂತೆ ತೂತಿನ ಮೂಲಕ ಗಾಳಿ ನುಗ್ಗಿ ಮನೆಗಳು ತಾವಾಗಿ ಒತ್ತಿಕೊಳ್ಳುತ್ತಿದ್ದವು. ಜರ್ಮನಿಯ ಫ್ರೈಬುರ್ಗ್‌ನ ವೆಲ್ಟೆ ಕಂಪೆನಿಯವರು 1904ರಲ್ಲಿ ಕಲಾವಿದರ ಬೆರಳ ಒತ್ತನ್ನೂ ಕಾಗದದಲ್ಲಿ ಹಿಡಿದಿಡುವ ಉಪಾಯ ಕಂಡುಹಿಡಿದರು. 1918ರಲ್ಲಿ ತೀರಿಕೊಂಡ ಫ್ರೆಂಚ್ ವಾಗ್ಗೇಯಕಾರ ಡೆಬ್ಯುಸಿ ಹೀಗೆ ನುಡಿಸಿಟ್ಟ ಸುರುಳಿಗಳು ಇಂದಿಗೂ ಇವೆ. ಅವನ್ನು ಬಿಡಿಸಿ ನೋಡಿದರೆ ಕಾಣುವುದು ನಾನು ಪರದೆಯ ಮೇಲೆ ಕಂಡಂಥದೇ ಚಿತ್ರ, ಬಣ್ಣವಿಲ್ಲ ಅಷ್ಟೆ.

ಈ ಚಿತ್ರ ಪಿಯಾನೊಗೆ ಇಷ್ಟು ಚೆನ್ನಾಗಿ ಒಪ್ಪುವುದೇಕೆ ಎಂದು ಹುಡುಗಿಯನ್ನು ಕೇಳಿದೆ. ಅವಳು ಒಂದು ಮನೆಯನ್ನು ಒತ್ತಿ ಹಿಡಿದು, "ಈಗ ಈ ಸ್ವರವನ್ನು ನಾನೇನೂ ಮಾಡುವ ಹಾಗಿಲ್ಲ, ಬಿಟ್ಟರೆ ನಿಲ್ಲುತ್ತದೆ, ಅಷ್ಟೆ" ಎಂದಳು. ಸುತ್ತಿಗೆ ತಂತಿಗೆ ಬಡಿದ ಮೇಲೆ ಸ್ವರವನ್ನು ಬಾಗಿಸುವಂತಿಲ್ಲ, ಏರಿಸುವಂತಿಲ್ಲ. ಆದ್ದರಿಂದ ಪಿಯಾನೊದ ಒಂದು ಸ್ವರವನ್ನು ನಾಲ್ಕು ಲೆಕ್ಕದಲ್ಲಿ ಹೇಳಿಬಿಡಬಹುದು. ಯಾವ ಮನೆ, ಯಾವಾಗ ಒತ್ತಿದ್ದು, ಎಷ್ಟು ಬಲವಾಗಿ, ಯಾವಾಗ ಬಿಟ್ಟದ್ದು. 1983ರಲ್ಲಿ ವಾದ್ಯ ತಯಾರಕರೆಲ್ಲ ಕೂಡಿ ಮಿಡಿ ಎಂಬ ಒಂದು ಒಪ್ಪಂದಕ್ಕೆ ಬಂದು ಈ ಲೆಕ್ಕಕ್ಕೆ ಸಂಖ್ಯೆಗಳನ್ನು ಗೊತ್ತುಮಾಡಿದರು. ಅದರಲ್ಲಿ ಪಿಯಾನೊದ ನಡುಮನೆಗೆ 60 ಎಂಬ ಸಂಖ್ಯೆ, ಒತ್ತಿನ ಬಲಕ್ಕೆ 127ರವರೆಗೆ ಮೆಟ್ಟಿಲು. ಸಂಖ್ಯೆ ಗೊತ್ತಿದ್ದರೆ ಕಂಪ್ಯೂಟರಿಗೆ ಪಟ್ಟಿ ಬರೆಯುವುದು ನಮಗೆ ಚುಕ್ಕಿಯಿಟ್ಟು ರಂಗೋಲಿ ಎಳೆದಷ್ಟೇ ಸುಲಭ.

ನಮ್ಮ ವೀಣೆಯನ್ನು ಹೀಗೆ ಪಟ್ಟಿಗಳಲ್ಲಿ ಕೂರಿಸಲಾಗದು. ವೈಣಿಕರು ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಎರಡು ಮೂರು ಸ್ವರ ತೆಗೆಯುತ್ತಾರೆ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವುದೇ ಇಲ್ಲ, ತೂಗುತ್ತಿರುತ್ತದೆ. ಅದನ್ನು ಬರೆಯಲು ಹಾವಿನಂತೆ ಬಳುಕುವ ಗೆರೆ ಬೇಕು. ಅಂಥ ಗೆರೆಯನ್ನೂ ಕಂಪ್ಯೂಟರು ಬರೆಯುತ್ತದೆ, ಆದರೆ ಅದು ಬೇರೆ ಬಗೆಯ ಚಿತ್ರ. ಇದರಿಂದ ಪಿಯಾನೊ ಕಡಿಮೆ ಎಂದೇನೂ ನನಗನ್ನಿಸಲಿಲ್ಲ. ನಾವು ಒಂದು ಸ್ವರದೊಳಗೆ ಹುಡುಕುವ ಸೊಬಗನ್ನು ಅವರು ಹಲವು ಸ್ವರಗಳ ಒಕ್ಕೂಟದಲ್ಲಿ ಹುಡುಕುತ್ತಾರೆ, ಅಷ್ಟೆ. ಆ ಒಕ್ಕೂಟವೇ ನನ್ನಂಥವಳ ಕಿವಿಗೆ ಕಗ್ಗಂಟಾಗಿದ್ದದ್ದು. ಒಂದೇ ಎಳೆಯ ರಾಗವನ್ನು ಹಿಂಬಾಲಿಸಿ ಬೆಳೆದ ಕಿವಿ ಏಕಕಾಲಕ್ಕೆ ಮೂರು ಎಳೆ ಬಂದರೆ ಯಾವುದರ ಹಿಂದೆ ಹೋಗಬೇಕು?

ಜರ್ಮನಿಯ ಬಾಖ್ 1722ರಲ್ಲಿ ಸಿದ್ಧಪಡಿಸಿದ ಒಂದು ಸಂಪುಟವಿದೆ. ಇಪ್ಪತ್ತನಾಲ್ಕು ಶ್ರುತಿಗಳಲ್ಲಿ, ಒಂದೊಂದಕ್ಕೂ ಒಂದು ಪ್ರೆಲ್ಯೂಡ್ ಮತ್ತು ಒಂದು ಫ್ಯೂಗ್. ಬರೆದದ್ದು ಪಿಯಾನೊದ ಹಿರಿಯಕ್ಕಂದಿರಾದ ಹಳೆಯ ವಾದ್ಯಗಳಿಗಾದರೂ ಇಂದು ಪಿಯಾನೊದಲ್ಲೇ ಹೆಚ್ಚಾಗಿ ನುಡಿಸುತ್ತಾರೆ. ಹುಡುಗಿ ಆ ಸಂಜೆ ನುಡಿಸಿದ್ದು ಅದರ ಮೊದಲ ಪ್ರೆಲ್ಯೂಡನ್ನು. ಅದೇ ಪರದೆಯ ಮೇಲೆ ಬಂದಾಗ ಸೀರೆಯ ಅಂಚಿನಂತೆ ಕಂಡಿತು. ಐದು ಚುಕ್ಕೆ ಮೇಲೇರುತ್ತವೆ, ಮೇಲಿನ ಮೂರು ಮತ್ತೊಮ್ಮೆ ಬರುತ್ತವೆ, ಇದೇ ಹೂವು ಬಹುಮಟ್ಟಿಗೆ ಉದ್ದಕ್ಕೂ. ಆದರೆ ಪ್ರತಿ ಎರಡು ಹೂವಿಗೊಮ್ಮೆ ಕೆಲವು ಚುಕ್ಕೆಗಳು ತುಸು ಜಾಗ ಬದಲಿಸುತ್ತವೆ. ಮಳೆ ಎಂದು ನನಗೆ ಕೇಳಿಸಿದ್ದು ನಿಜವಾಗಿ ನೇಯ್ಗೆಯಾಗಿತ್ತು.

ಎರಡನೆಯ ಫ್ಯೂಗ್ ನೋಡಿದಾಗಲಂತೂ ನಾನು ಕುರ್ಚಿ ಮುಂದೆಳೆದುಕೊಂಡೆ. ಅದಕ್ಕೆ ಮೂರು ಎಳೆ. ಮೊದಲು ನಡುವಿನ ಎಳೆ ಒಂಟಿಯಾಗಿ ಒಂದು ಮಾತು ಹೇಳುತ್ತದೆ. ಅದೇ ಮಾತನ್ನು ಮೇಲಿನ ಎಳೆ ಎತ್ತಿಕೊಳ್ಳುತ್ತದೆ, ಆಗ ನಡುವಿನದು ಸುಮ್ಮನಾಗದೆ ಬೇರೆ ಮಾತು ಜೋಡಿಸುತ್ತದೆ. ಕೊನೆಗೆ ಕೆಳಗಿನ ಎಳೆಯೂ ಅದೇ ಮಾತಿನೊಂದಿಗೆ ಒಳಗೆ ಬರುತ್ತದೆ. ಎಳೆಗೊಂದು ಬಣ್ಣ ಕೊಟ್ಟಾಗ ಕಂಡದ್ದು ಹೆಣ್ಣುಮಕ್ಕಳ ಮೂರು ಕಾಲಿನ ಜಡೆ. ಒಂದು ಮೇಲೆ ಬಂದರೆ ಒಂದು ಅಡಿಗೆ, ಯಾವುದೂ ಕಳೆದುಹೋಗುವುದಿಲ್ಲ. ಹಬ್ಬದ ದಿನ ಅಡಿಗೆಮನೆಯಲ್ಲಿ ಮೂವರು ಹೆಂಗಸರು ಒಟ್ಟಿಗೆ ಮಾತಾಡುತ್ತಾ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಾ ಕೆಲಸ ಸಾಗುತ್ತದೆಯಲ್ಲ, ಹಾಗೆ. ಗಂಡಸರಿಗೆ ಅದು ಗಲಾಟೆ, ನಮಗೆ ಅದು ಸಂಭಾಷಣೆ. ನಾಲ್ಕು ಸಲ ನೋಡಿದ ಮೇಲೆ ಐದನೆಯ ಸಲ ಕಣ್ಣುಮುಚ್ಚಿದರೂ ಕೆಳಗಿನ ಎಳೆ ಒಳಗೆ ಬಂದದ್ದು ನನಗೆ ಕೇಳಿಸಿತು. ಕಿವಿ ಅದೇ, ಸವೆದ ಕಿವಿಯೇ. ಎಲ್ಲಿ ಗಮನವಿಡಬೇಕೆಂದು ಕಣ್ಣು ಹೇಳಿಕೊಟ್ಟಿತ್ತು.

ಮಾರನೆಯ ದಿನ ಹುಡುಗಿ ಹಾಕಿದ್ದು ಹಂಗೆರಿಯ ಲಿಸ್ಟ್ ಬರೆದ ಲಾ ಕಂಪನೆಲ್ಲಾ. ಹಾಗೆಂದರೆ ಕಿರುಗಂಟೆ. ಪಗನಿನಿಯ ವಯಲಿನ್ ಕನ್ಚೆರ್ಟೊ ಒಂದರಿಂದ ಎತ್ತಿಕೊಂಡ ಗಂಟೆಯ ಕಲ್ಪನೆಯನ್ನು ಲಿಸ್ಟ್ ಪಿಯಾನೊಗೆ ಹೊಂದಿಸಿ, 1851ರಲ್ಲಿ ಕೊನೆಯ ರೂಪ ಕೊಟ್ಟ. ಅದರಲ್ಲಿ ರಾಗ ನಡೆಯುತ್ತಿರುವಾಗಲೇ ಬಲಗೈ ಪದೇಪದೇ ಮೇಲಕ್ಕೆ ನೆಗೆದು ಒಂದು ತಾರಕ ಸ್ವರವನ್ನು ಮುಟ್ಟಿ ಬರುತ್ತದೆ. ಆ ಸ್ವರವೇ ಗಂಟೆ. ಪರದೆಯ ಮೇಲೆ ಕೆಳಗೆ ರಾಗದ ಪಟ್ಟಿಗಳು ಸಾಗುತ್ತಿವೆ, ಬಹು ಎತ್ತರದಲ್ಲಿ ಒಂದೇ ಸಾಲಿನಲ್ಲಿ ಚುಕ್ಕೆಗಳು ಬೆಳಗಿ ಆರುತ್ತಿವೆ. ಹುಡುಗಿ ಕಣ್ಣರಳಿಸಿ "ಎಷ್ಟು ಚೆಂದ ಅಲ್ವಾ ಗಂಟೆ?" ಎಂದಳು.

ನನಗೆ ಗಂಟೆ ಕೇಳಿಸಲಿಲ್ಲ. ಚುಕ್ಕೆ ಬೆಳಗಿದಾಗಲೆಲ್ಲ ಮರಕ್ಕೆ ಮೆಲ್ಲಗೆ ಉಗುರು ತಾಗಿಸಿದಂಥ ಒಂದು ಟಕ್ ಮಾತ್ರ. ಪಿಯಾನೊದ ಕೊನೆಯ ಮನೆಯ ಸ್ವರ 4,186 ಹರ್ಟ್ಝ್. ಗಂಟೆಯ ಸ್ವರ ಅದಕ್ಕಿಂತ ಕೆಳಗಿದ್ದರೂ 2,000ವನ್ನು ದಾಟಿದ್ದು, ಅಂದರೆ ನನ್ನ ನಕ್ಷೆಯ ಘಾಟಿಯಲ್ಲಿರುವಂಥದು. ಚೀಲದಲ್ಲಿದ್ದ ನಕ್ಷೆಯನ್ನು ತೆಗೆದು ಮತ್ತೊಮ್ಮೆ ನೋಡಿದೆ. ಎರಡೂ ಸದ್ದಿನ ಚಿತ್ರಗಳೇ. ಒಂದು ನನಗೇನು ಕೇಳುವುದಿಲ್ಲ ಎಂದು ಅಂಕೆಯಲ್ಲಿ ಹೇಳಿತ್ತು. ಇನ್ನೊಂದು, ಕೇಳದೆ ಹೋಗುತ್ತಿರುವುದು ಇದು ಎಂದು ಬೆಳಕಿನ ಚುಕ್ಕೆಯಾಗಿ ಕಣ್ಣೆದುರಿಗೆ ಹಿಡಿದಿತ್ತು. ಕಿವಿ ಮಂದವಾದವರಿಗೆ ದೊಡ್ಡ ತೊಡಕೇ ಇದು. ಏನು ತಪ್ಪಿಹೋಯಿತೆಂದು ತಿಳಿಯುವುದೇ ಇಲ್ಲ, ಏಕೆಂದರೆ ತಪ್ಪಿಹೋದದ್ದು ಸದ್ದು ಮಾಡುವುದಿಲ್ಲ. ಹದಿಮೂರು ವರ್ಷದ ಹುಡುಗಿಯ ಕಣ್ಣರಳಿಸಿದ ನಾದ ನನ್ನ ಪಕ್ಕದಲ್ಲೇ ಇತ್ತು, ನನ್ನ ಪಾಲಿಗೆ ಇರಲಿಲ್ಲ. ಹಾಗಾದರೆ ಕೊನೆಯ ಬೆಂಚಿನ ಹುಡುಗಿಯರು ದಿನವೂ ಹೇಳಿದ್ದರಲ್ಲಿ ನನ್ನ ಪಾಲಿಗೆ ಇಲ್ಲದ್ದು ಎಷ್ಟೋ! ಊರಿಗೆ ಹೊರಡುವ ಮೊದಲೇ ಶ್ರವಣ ಸಾಧನಕ್ಕೆ ಅಳತೆ ಕೊಟ್ಟು ಬಂದೆ.

ಸಾಧನ ಹಾಕಿದ ಮೇಲೆ ಎಲ್ಲವೂ ಸರಿಹೋಯಿತು ಎಂದು ಬರೆದರೆ ಕತೆ ಸೊಗಸಾಗುತ್ತದೆ, ಆದರೆ ನಿಜವಾಗುವುದಿಲ್ಲ. ಮೊದಲ ವಾರ ಸೀರೆಯ ಸರಬರ, ಪಾತ್ರೆಯ ಠಣಠಣ, ಕಾಗದ ಮಗುಚುವ ಸದ್ದು, ಎಲ್ಲವೂ ಜಗಳಕ್ಕೆ ಬಂದ ಹಾಗೆ ಮೇಲೆ ಬಿದ್ದವು. ಈ ಯಂತ್ರಗಳನ್ನು ಮುಖ್ಯವಾಗಿ ಮಾತು ಕೇಳಿಸಲೆಂದೇ ಮಾಡಿರುತ್ತಾರೆ. ಮೆಲುದನಿಯನ್ನು ಎತ್ತಿ, ಜೋರು ದನಿಯನ್ನು ಒತ್ತಿ, ಎಲ್ಲವನ್ನೂ ಒಂದು ಹದಕ್ಕೆ ತರುವುದು ಅವುಗಳ ಕೆಲಸ. ಸಂಗೀತದಲ್ಲಿ ಮೆಲ್ಲಗಿನದು ಮೆಲ್ಲಗಿರುವುದೇ ಸೊಗಸಲ್ಲವೆ? ಹಾಗಾಗಿ ಕಿರುಗಂಟೆ ಕೇಳಿತಾದರೂ ಬೆಳ್ಳಿಯ ಗಂಟೆಯಾಗಿ ಕೇಳಲಿಲ್ಲ, ತಗಡಿನದಾಗಿ ಕೇಳಿತು. ಸಂಗೀತಕ್ಕೆಂದೇ ಬೇರೆ ಹದ ಇಟ್ಟುಕೊಡುವ ಸಾಧನಗಳಿವೆ. ಹಾಗೆ ಹೊಂದಿಸಿಕೊಂಡ ಮೇಲೆ ತಗಡು ಹಿತ್ತಾಳೆಯ ಮಟ್ಟಕ್ಕೆ ಬಂದಿದೆ. ಹಿತ್ತಾಳೆಯ ಗಂಟೆಯೂ ಗಂಟೆಯೇ.

ಶಾಲೆ ತೆರೆದ ದಿನ ಕೂದಲನ್ನು ಕಿವಿಯ ಮೇಲೆ ಎಳೆದು ಬಾಚಿಕೊಂಡು ಹೋದೆ. ಎರಡನೆಯ ಪಿರಿಯಡ್ಡಿನಲ್ಲೇ ಗುಟ್ಟು ರಟ್ಟಾಯಿತು. ಮಕ್ಕಳು ನಗಲಿಲ್ಲ, ಇದಕ್ಕೆ ಬ್ಯಾಟರಿ ಎಲ್ಲಿ ಹಾಕುತ್ತಾರೆ ಎಂದು ಕೇಳಿದರು. ಆಮೇಲೆ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತು ಓದಿದಳು. ಶಕಾರ ಶಕಾರವಾಗಿಯೇ ಬಂತು, ಸಕಾರ ಸಕಾರವಾಗಿ. ನಾನು ಪುಸ್ತಕ ನೋಡುತ್ತಾ ಕೇಳಿದೆ, ಅವಳ ತುಟಿ ನೋಡಲಿಲ್ಲ.

ಆ ಬಣ್ಣದ ಚಿತ್ರಗಳ ಬಗ್ಗೆ ಈಗ ನನ್ನ ಅಭಿಪ್ರಾಯ ಇಷ್ಟೆ. ಅದು ಸಂಗೀತವಲ್ಲ, ಸಂಗೀತದ ಪ್ರಸ್ತಾರ. ಪಿಯಾನೊದ ಸ್ವರ ಹುಟ್ಟಿದ ಗಳಿಗೆಯಿಂದಲೇ ಮಾಸುತ್ತಾ ಹೋಗುತ್ತದೆ, ಪಟ್ಟಿ ಮಾತ್ರ ಕೊನೆಯವರೆಗೂ ಒಂದೇ ದಪ್ಪ. ನುಡಿಸುವವರು ಕಾಲಿನಿಂದ ಪೆಡಲು ಒತ್ತಿದಾಗ ಬೆರಳು ಬಿಟ್ಟ ಮೇಲೂ ನಾದ ಉಳಿದು ಒಂದರೊಳಗೊಂದು ಕರಗುವುದನ್ನು ಸಾಮಾನ್ಯ ಪಟ್ಟಿ ತೋರಿಸಲಾರದು. ಪ್ರಸ್ತಾರ ಹಾಕಿದ ಮಾತ್ರಕ್ಕೆ ಪದ್ಯ ಮನಸ್ಸಿಗಿಳಿಯುವುದಿಲ್ಲವೆಂದು ಪಾಠ ಮಾಡುವ ನನಗೆ ಯಾರೂ ಹೇಳಬೇಕಾಗಿಲ್ಲ. ಆದರೆ ಬಾಗಿಲು ಎಲ್ಲಿದೆ ಎಂದು ತಿಳಿಯದವಳಿಗೆ ಬಾಗಿಲು ತೋರಿಸುವುದೂ ಸಣ್ಣ ಉಪಕಾರವಲ್ಲ. ನಿಮಗೂ ಸಾಸಿವೆ ಸದ್ದು ಮಾಡದೆ ಸಿಡಿಯತೊಡಗಿದ್ದರೆ, ಒಲೆಯನ್ನೋ ಸಾಸಿವೆಯನ್ನೋ ದೂರದೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ರಾತ್ರಿ ಊಟದ ಪಾತ್ರೆ ಒಪ್ಪವಾದ ಮೇಲೆ ದಿನಕ್ಕೊಂದು ಕೃತಿ ಎಂದು ಇಟ್ಟುಕೊಂಡಿದ್ದೇನೆ. ಮೊದಲ ಸಲ ನೋಡುತ್ತಾ ಕೇಳುತ್ತೇನೆ. ಎರಡನೆಯ ಸಲ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಬರೀ ಕೇಳುತ್ತೇನೆ. ಯಾವ ಸ್ವರ ಎಲ್ಲಿ ಬರಬೇಕೆಂದು ಗೊತ್ತಿರುವುದರಿಂದ ಅದಕ್ಕಾಗಿ ಕಾಯುತ್ತೇನೆ. ಕೆಲವು ಬರುತ್ತವೆ, ಕೆಲವು ಬರುವುದಿಲ್ಲ. ಬರದವುಗಳ ಜಾಗವನ್ನು ಖಾಲಿ ಬಿಟ್ಟು, ತಡವಾಗಿ ಬರುವ ನೆಂಟರಿಗೆ ಎಲೆ ಹಾಕಿಟ್ಟ ಹಾಗೆ, ಮುಂದಿನ ಸ್ವರಕ್ಕೆ ಹೋಗುತ್ತೇನೆ.